ಸರ್ಕಾರಿ ಕೌದಿಯ ಹೊಟ್ಟೆ

ಕನಕರಾಯನ ಕೇಡಿಗೆ ಕಾರಣವಾದದ್ದು ಒಂದೇ ಒಂದು ಪದ. ಅದನ್ನು ಬೇರೆ ಯಾರೋ ಬರೆದಿದ್ದರೆ ಅವರನ್ನು ಬಯ್ದುಕೊಂಡಾದರೂ ಇರಬಹುದಿತ್ತು. ಆದರೆ ಏಪ್ರಿಲ್ ತಿಂಗಳ ವರದಿಯಲ್ಲಿ, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ, ಅವನೇ ಕೈಯಾರೆ ಬರೆದಿದ್ದ.

ದೇವದುರ್ಗದ ಕೌದಿ ಕೇಂದ್ರದಲ್ಲಿ ಅವನು ಹಂಗಾಮಿ ಗುಮಾಸ್ತ. ಕೇಂದ್ರವೆಂದರೆ ಒಂದು ಕೋಣೆ, ಒಂದು ಫ್ಯಾನು, ಒಂದು ಕುರ್ಚಿ ಮತ್ತು ಆರು ಜನ ಹೆಂಗಸರು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಹಚ್ಚಿ, ಒತ್ತೊತ್ತಾಗಿ ಹೊಲಿದು, ಒಂದು ವರ್ಷದಲ್ಲಿ ಹನ್ನೆರಡು ಕೌದಿ ಮಾಡಿಕೊಡಬೇಕೆಂಬುದು ಯೋಜನೆ. ತಿಂಗಳಿಗೊಂದು ವರದಿ ರಾಯಚೂರಿಗೆ ಹೋಗಬೇಕು. ಅದರ ಕೊನೆಯ ಅಂಕಣ ‘ಕೆಲಸದ ಸ್ಥಿತಿ’. ಹತ್ತು ತಿಂಗಳು ಕನಕರಾಯ ಅಲ್ಲಿ ‘ಪ್ರಗತಿಯಲ್ಲಿದೆ’ ಎಂದು ಬರೆದ. ಹನ್ನೊಂದನೆಯ ತಿಂಗಳು ಪೆನ್ನು ಹಿಡಿದಾಗ ಅವನಿಗೆ ನಾಚಿಕೆಯಾಯಿತು. ಓದುವವರು ಏನಂದುಕೊಂಡಾರು? ಹಗಲು ಕುರಿ ಕಾಯ್ದು, ಸಂಜೆ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸಾದ ತಾನು ಅವರ ಕಣ್ಣಿಗೆ ಮೈಗಳ್ಳನಾಗಿ ಕಂಡೇನೆ? ಹಾಗೆ ಯೋಚಿಸುತ್ತ ಯೋಚಿಸುತ್ತ ಅವನು ‘ಮುಗಿದಿದೆ’ ಎಂದು ಬರೆದ. ಬರೆದ ಮೇಲೆ ಮೂರು ದಿನ ಅವನಿಗೆ ಊಟ ರುಚಿಸಲಿಲ್ಲ.

ಹಾಗೆಂದು ಅದು ಪೂರ್ತಿ ಸುಳ್ಳೂ ಅಲ್ಲ. ಹನ್ನೆರಡು ಕೌದಿಗಳೂ ಸಂಕ್ರಾಂತಿಯ ಹೊತ್ತಿಗೇ ಆಗಿ ಹೋಗಿದ್ದವು. ಉಳಿದದ್ದು ಹೊಟ್ಟೆ ಮಾತ್ರ. ಕೌದಿಯ ನಟ್ಟನಡುವೆ ಅಂಗೈಯಗಲದ ಒಂದು ತುಂಡನ್ನು ಮೂರು ಬದಿ ಹೊಲಿದು, ಅಂಗಿಯ ಜೇಬಿನಂತೆ ಒಂದು ಬದಿ ಬಿಟ್ಟಿರುತ್ತಾರೆ. ಅದರೊಳಗೆ ಹೋಳಿಗೆಯ ಚೂರು ಇಟ್ಟು ಬಾಯಿ ಹೊಲಿದರೆ ಕೌದಿಯ ಹೊಟ್ಟೆ ತುಂಬಿದಂತೆ, ಕೆಲಸ ಮುಗಿದಂತೆ.

“ಹಸದ ಕೌದಿ ಹೊತ್ಗೊಂಡವರ ನಿದ್ದಿ ತಿಂತದ,” ಎಂದು ಕೇಂದ್ರದ ಹಿರಿಯಳಾದ ಭೀಮವ್ವ ಆವತ್ತೇ ಹೇಳಿದ್ದಳು. “ಅದಕ್ಕ ಉಣಸೂದು ಮಾಲಕರ ಕೆಲಸ. ಈ ಕೌದಿಗೋಳಿಗೆ ಮಾಲಕರು ಯಾರು?”

“ಸರಕಾರ,” ಎಂದಿದ್ದ ಕನಕರಾಯ.

“ಹಂಗಾದ್ರ ಸರಕಾರ ಹೋಳಿಗಿ ತರಲಿ. ನಾವು ಸೂಜಿ ಹಿಡಕೊಂಡು ಕುಂತಿರ್ತೀವಿ.”

ಕನಕರಾಯ ರಾಯಚೂರಿಗೆ ಕಾಗದ ಬರೆದ. ಎರಡು ತಿಂಗಳ ಮೇಲೆ ಉತ್ತರ ಬಂತು: ‘ಹೋಳಿಗೆಯು ಕಚ್ಚಾ ಸಾಮಗ್ರಿಯೋ ಉಪಕರಣವೋ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು.’ ಅವನು ನಾಲ್ಕು ದಿನ ತಲೆ ಕೆರೆದುಕೊಂಡು, ‘ನಿಶ್ಚಯವಾಗಿ ಹೇಳಲಾಗದು’ ಎಂದು ಬರೆದು ಕಳಿಸಿದ. ಅಲ್ಲಿಗೆ ಆ ಪತ್ರವ್ಯವಹಾರ ನಿಂತಿತ್ತು. ಹೆಂಗಸರು ಮಾತ್ರ ದಿನಾ ಹತ್ತಕ್ಕೆ ಬಂದು, ಹೊಟ್ಟೆ ತೆರೆದ ಕೌದಿಗಳನ್ನು ಕಾಲ ಮೇಲೆ ಹಾಸಿಕೊಂಡು, ಫ್ಯಾನಿನ ಕೆಳಗೆ ಊರ ಸುದ್ದಿಯನ್ನೆಲ್ಲ ಮಾತಾಡಿ ಐದಕ್ಕೆ ಏಳುತ್ತಿದ್ದರು.

ಈಗ ಮೇ ತಿಂಗಳ ಒಂದು ಬೆಳಿಗ್ಗೆ, ಒಂಬತ್ತೂವರೆಗೆ, ಅಂಚೆಯವನು ಲಕೋಟೆ ತಂದುಕೊಟ್ಟ. ಬರೆದು ವಾರವಾಗಿತ್ತು, ತಲುಪಿದ್ದು ಇವತ್ತು, ಬುಧವಾರ. ‘ಬರುವ ಬುಧವಾರ ಮಾನವಿ ಕೇಂದ್ರವನ್ನು ನೋಡಿಕೊಂಡು ಮಧ್ಯಾಹ್ನ ಮೂರು ಗಂಟೆಗೆ ದೇವದುರ್ಗಕ್ಕೆ ಬರಲಾಗುವುದು. ಮುಗಿದಿರುವ ಹನ್ನೆರಡು ಕೌದಿಗಳನ್ನು ಸಿದ್ಧವಾಗಿಡತಕ್ಕದ್ದು.’

ಕನಕರಾಯನ ಕಣ್ಣ ಮುಂದೆ ಮೊದಲು ಬಂದದ್ದು ತಪಾಸಣೆಗೆ ಬರುವ ಸಾಹೇಬರಲ್ಲ, ರಾಯಚೂರಿನ ಮಾವ ಪರಮಣ್ಣ. ಪರಮಣ್ಣನದು ಕಂಬಳಿ ವ್ಯಾಪಾರ. ಹೆಗಲ ಮೇಲೆ ಹತ್ತು ಕಂಬಳಿ ಹೊತ್ತು ಬಿಸಿಲಲ್ಲಿ ಸಂತೆ ಸಂತೆ ಕೂಗುತ್ತ ತಿರುಗುವ ಕೆಲಸಕ್ಕೆ ಅಳಿಯನನ್ನು ಅವನು ಮದುವೆಯಾದ ದಿನದಿಂದ ಕರೆಯುತ್ತಿದ್ದ. “ಹಂಗಾಮಿ ನೌಕರಿ ಅಂದ್ರ ಬಾಡಿಗಿ ಎತ್ತಿದ್ದಂಗ ಅಳಿಯಂದ್ರ. ಯಾವಾಗ ಹಗ್ಗ ಬಿಚ್ತಾರ ಗೊತ್ತಾಗಂಗಿಲ್ಲ. ಸುಮ್ನ ಕಂಬಳಿ ಹೊತ್ಗೊಳ್ರಿ.” ವರ್ಷ ಮುಗಿದ ಮೇಲೆ ನೌಕರಿ ಕಾಯಂ ಆಗುತ್ತದೆಂದು ಕನಕರಾಯ ಎದೆ ತಟ್ಟಿ ಹೇಳಿದ್ದ. ಈಗ ಸುಳ್ಳು ವರದಿ ಸಿಕ್ಕಿಬಿದ್ದರೆ ಕಾಯಂ ಮಾತಂತಿರಲಿ, ಇರುವ ಕುರ್ಚಿಯೂ ಹೋದೀತು. ಆಮೇಲೆ ಕಂಬಳಿಯೇ ಗತಿ.

ಹೆಂಗಸರು ಬರುತ್ತಲೇ ಅವನು ಕಾಗದವನ್ನು ಓದಿ ಹೇಳಿದ. “ಯವ್ವಾ ಭೀಮವ್ವ, ಕೈ ಮುಗೀತೀನಿ. ಮೂರರೊಳಗ ಹನ್ನೆರಡರ ಹೊಟ್ಟಿನೂ ಹೊಲದು ಬಿಡ್ರಿ.”

ಭೀಮವ್ವ ಕಾಗದವನ್ನೇ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಓದು ಬರುವವರಿಗಿಂತ ಹೆಚ್ಚು ಹೊತ್ತು ನೋಡಿದಳು.

“ಅವಸರ ಮಾಡಬ್ಯಾಡ ತಮ್ಮಾ. ತೆರದ ಹೊಟ್ಟಿ ತೆರದಂಗ ಇರಲಿ. ಇನ್ನಾ ನಡದದ ಅಂತ ಹೇಳು.”

“ಮುಗದದ ಅಂತ ಬರದೀನಿ!”

“ಯಾಕ ಬರದಿ?”

ಕಿಟಕಿಯ ಪಕ್ಕ ಕುಳಿತಿದ್ದ ರಜಿಯಾ ಬೇಗಂ ಕನಕರಾಯನ ನೆರವಿಗೆ ಬಂದಳು. ಯಾರಿಗೆ ಏನು ತೊಂದರೆಯಾದರೂ ನೆರವಿಗೆ ಹೋಗುವುದು, ಹೋದಲ್ಲಿ ತೊಂದರೆಯನ್ನು ಎರಡು ಮಾಡುವುದು ಅವಳ ಸ್ವಭಾವ.

“ಅರೇ, ಮಾಲಕ ಇಲ್ಲ ಅಂದ್ರ ಮಾಲಕನ ವಕೀಲ ಇದ್ರ ಆತು. ನಮ್ಮ ಗುಮಾಸ್ತ ಸಾಹೇಬ್ರು ಸರಕಾರದ ಕಡಿಂದ ನಾ ಉಣಸ್ತೀನಿ ಅಂತ ಬರದು ಸಿಕ್ಕಾ ಹೊಡೀಲಿ. ಕಾಗದಕ್ಕ ಸಿಕ್ಕಾ ಬಿದ್ರ ಯಾರ್ ಮಾತಾಡ್ತಾರ?”

ಕನಕರಾಯನಿಗೆ ಅದೇ ದಾರಿಯೆನಿಸಿತು. ‘ಸರ್ಕಾರದ ಪರವಾಗಿ ಕೌದಿಗಳಿಗೆ ಉಣಿಸಲು ಶ್ರೀ ಕನಕರಾಯ ಇವರಿಗೆ ಅಧಿಕಾರ ನೀಡಲಾಗಿದೆ’ ಎಂದು ಬರೆದು, ಕೆಳಗೆ ತಾನೇ ಸಹಿ ಮಾಡಿ, ಮೊಹರು ಒತ್ತಿದ. ಹಾಗೆ ತನಗೆ ತಾನೇ ಅಧಿಕಾರ ಕೊಟ್ಟುಕೊಳ್ಳಬಹುದೇ ಎಂಬ ಅನುಮಾನ ಬಂದು ಇನ್ನೊಂದು ಸಲ ಮೊಹರು ಒತ್ತಿದ.

ಭೀಮವ್ವ ನಿಟ್ಟುಸಿರು ಬಿಟ್ಟಳು. “ತಮ್ಮಾ, ತುಂಬಿದ ಹೊಟ್ಟಿಗೆ ಯಾರೂ ನೀಡಂಗಿಲ್ಲ. ತಿಳಕೋ.”

ಮುದುಕಿಯ ಹಟ ಬಿಡಲಿಲ್ಲವಲ್ಲ ಎಂದುಕೊಂಡು ಕನಕರಾಯ ಮನೆಗೆ ಓಡಿದ.

ಹೆಂಡತಿ ಶರಣಮ್ಮ ಆಗಷ್ಟೇ ರೊಟ್ಟಿ ಬಡಿದು ಒಲೆ ಆರಿಸಿದ್ದಳು. ಗಂಡ ಬಾಗಿಲಲ್ಲೇ ನಿಂತು, “ಹೋಳಿಗಿ ಮಾಡು, ಹೋಳಿಗಿ ಮಾಡು!” ಎಂದು ಕೂಗಿದ್ದನ್ನು ಕೇಳಿ ಅವಳು ಅವನ ಹಣೆ ಮುಟ್ಟಿ ನೋಡಿದಳು.

“ಬಿಸಲು ಬಡದದೇನ್ರೀ?”

“ನನಗಲ್ಲ, ಕೌದಿಗೆ!”

ವಿಷಯ ತಿಳಿದಾಗ ಅವಳು ನಕ್ಕು ಸೆರಗು ಕಟ್ಟಿದಳು. “ಬ್ಯಾಳಿ ಬೇಯಾಕ ಹೊತ್ತಿಲ್ಲ. ಶೇಂಗಾ ಹೋಳಿಗಿ ಮಾಡ್ತೀನಿ. ಬೆಲ್ಲ ಸಾಲಂಗಿಲ್ಲ, ಎದುರಿನ ಮನ್ಯಾಗ ಕೇಳಿ ತರ್ತೀನಿ, ಇರ್ರಿ.”

ಬೆಲ್ಲ ಕೇಳಲು ಹೋದದ್ದೇ ತಪ್ಪಾಯಿತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಬರೀ ಒಂದು ಬುಧವಾರ ಗುಮಾಸ್ತನ ಮನೆಯಲ್ಲಿ ಹೋಳಿಗೆ ಏಕೆ? ಎದುರು ಮನೆಯ ಗೋಪಮ್ಮ ಈ ಪ್ರಶ್ನೆಯನ್ನು ಚಹಾದಂಗಡಿಯ ಹಂಪಣ್ಣನಿಗೆ ಕೇಳಿದಳು. ಹಂಪಣ್ಣ ಅಂಚೆಯವನು ಲಕೋಟೆ ಕೊಟ್ಟದ್ದನ್ನೂ ಕನಕರಾಯ ಮನೆಗೆ ಓಡಿದ್ದನ್ನೂ ಕಣ್ಣಾರೆ ಕಂಡಿದ್ದ. ಎರಡನ್ನೂ ಕೂಡಿಸಿದರೆ ಬರುವ ಉತ್ತರ ಒಂದೇ.

“ಕಾಯಂ ಆತು!” ಎಂದ ಹಂಪಣ್ಣ.

ಶೇಂಗಾ ಹುರಿದ ವಾಸನೆ ಓಣಿ ತುಂಬುವ ಹೊತ್ತಿಗೆ ಆ ಸುದ್ದಿಯೂ ತುಂಬಿತ್ತು. ಹನ್ನೆರಡಕ್ಕೆ ಮೊದಲ ಸುತ್ತಿನ ಹೋಳಿಗೆ ಹಂಚಿನಿಂದ ಇಳಿದವು. ಅದೇ ಗಳಿಗೆಗೆ ಹಂಪಣ್ಣ ಒಳಗೆ ಬಂದ.

“ಏನ್ ಸಾಹೇಬ್ರ, ನಮಗ ಹೇಳಾಕ ಆಗಲಿಲ್ಲ? ಕಾಯಂ ಆದ್ರಂತ!”

“ಇಲ್ಲಪಾ, ಹಂಗೇನೂ ಇಲ್ಲ...”

“ನೋಡ್ರಿ, ದೊಡ್ಡ ಮನಷಾಂದು ಗುಣ! ಆದ್ರೂ ಇಲ್ಲ ಅಂತಾನ!” ಎನ್ನುತ್ತ ಹಂಪಣ್ಣ ಚಾಪೆಯ ಮೇಲೆ ಕುಳಿತೇಬಿಟ್ಟ. ಶುಭ ಹಾರೈಸಲು ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೆ? ಶರಣಮ್ಮ ಹೋಳಿಗೆ ಇಟ್ಟಳು. ಅವನ ಹಿಂದೆ ಗೋಪಮ್ಮ, ಗೋಪಮ್ಮನ ಹಿಂದೆ ಅವಳ ಅತ್ತೆ, ಅತ್ತೆಯ ಹಿಂದೆ ಓಣಿ. ಕನಕರಾಯ ಇಲ್ಲ ಇಲ್ಲ ಎಂದಷ್ಟೂ ಅವನ ವಿನಯದ ಕೀರ್ತಿ ಏರಿತು, ಬುಟ್ಟಿಯ ಹೋಳಿಗೆ ಇಳಿಯಿತು. ಒಬ್ಬರು ಎರಡನೆಯ ಹೋಳಿಗೆಗೆ ಕೈಚಾಚಿ, “ನಮ್ಮ ಹುಡುಗಗೂ ಒಂದು ನೌಕರಿ ನೋಡ್ರಿ, ಈಗ ನಿಮ್ಮ ಮಾತು ನಡೀತದ,” ಎಂದರು. ಬೆಲ್ಲ ಮುಗಿದು, ಹಿಟ್ಟು ಮುಗಿದು, ಓಣಿಯ ಜನ ಬಾಯಿ ಒರೆಸಿಕೊಂಡು ಹೋದಾಗ ಎರಡು ಗಂಟೆ. ಬುಟ್ಟಿಯ ತಳದಲ್ಲಿ ಉಳಿದದ್ದು ಒಂದು ಹೋಳಿಗೆ.

“ಇದನ್ನ ನಿಮಗಂತ ಮುಚ್ಚಿಟ್ಟಿದ್ದೆ,” ಎಂದಳು ಶರಣಮ್ಮ.

ಕನಕರಾಯ ಅದನ್ನು ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಓಡಿದ. ಬೆಳಿಗ್ಗೆಯಿಂದ ಅವನ ಬಾಯಿಗೆ ಒಂದು ತುತ್ತು ಬಿದ್ದಿರಲಿಲ್ಲ. ಹೋಳಿಗೆಯ ವಾಸನೆ ದಾರಿಯುದ್ದಕ್ಕೂ ಅವನನ್ನು ಜಗ್ಗಿತು. ಸರ್ಕಾರದ ಆಸ್ತಿ ಎಂದುಕೊಂಡು ತಡೆದುಕೊಂಡ.

ಕೇಂದ್ರದಲ್ಲಿ ಅವನು ಆ ಹೋಳಿಗೆಯನ್ನು ಮೇಜಿನ ಮೇಲಿಟ್ಟು, ಕಚೇರಿಯ ಸ್ಕೇಲು ತೆಗೆದು, ಅಡ್ಡ ಮೂರು ಉದ್ದ ನಾಲ್ಕು ಎಂದು ಅಳೆದು ಗೀಟು ಹಾಕಿದ. ಯಾವ ಕೌದಿಗೂ ಹೆಚ್ಚು ಕಡಿಮೆ ಆಗಬಾರದು. ಗುಂಡಗಿನ ಹೋಳಿಗೆ ಹಾಗೆ ಲೆಕ್ಕಕ್ಕೆ ಬಗ್ಗಲಿಲ್ಲ. ಕೊನೆಗೆ ರಜಿಯಾ ಬೇಗಂ, “ಛೋಡೋ ಭಾಯ್, ಕೌದಿ ಏನ್ ತಕ್ಕಡಿ ಹಿಡಿತದ?” ಎಂದು ಕೈಯಿಂದಲೇ ಮುರಿದು ಹನ್ನೆರಡು ಚೂರು ಮಾಡಿದಳು.

ಹೆಂಗಸರು ಭೀಮವ್ವನ ಮುಖ ನೋಡಿದರು. ಭೀಮವ್ವ ಕನಕರಾಯನ ಮುಖ ನೋಡಿದಳು. ಬೆವರು, ಶೇಂಗಾ ಪುಡಿ, ಭಯ ಎಲ್ಲ ಕಲಸಿ ಆ ಮುಖ ಹೂರಣದ ಹಾಗಾಗಿತ್ತು.

“ಇನ್ನೊಮ್ಮಿ ವಿಚಾರ ಮಾಡು ತಮ್ಮಾ.”

“ವಿಚಾರ ಮಾಡಾಕ ಹೊತ್ತಿಲ್ಲ ಯವ್ವಾ! ಹೊಲೀರಿ!”

“ಮನಿ ಹೆಣಮಗಳು ಹೊಗಿ ಕುಡದು ಹೋಳಿಗಿ ಮಾಡಿ ಕಳಿಸ್ಯಾಳ. ಹೆಂಗ ಒಲ್ಲೆ ಅನ್ನಲಿ?” ಎಂದು ಭೀಮವ್ವ ತನಗೆ ತಾನೇ ಹೇಳಿಕೊಂಡಂತೆ ಹೇಳಿ ಸೂಜಿಗೆ ದಾರ ಪೋಣಿಸಿದಳು. “ಹೊಲೀರೇ, ಹೊಲೀರಿ. ಹಣೀಬಾರ.”

ಆರು ಸೂಜಿಗಳು ಓಡಿದವು. ಎರಡೂ ಮುಕ್ಕಾಲಿಗೆ ಹನ್ನೊಂದು ಕೌದಿಗಳ ಹೊಟ್ಟೆ ತುಂಬಿತು. ಹನ್ನೆರಡನೆಯದು ಉಳಿಯಿತು. ಹೊರಗೆ ಎಲ್ಲೋ ಜೀಪಿನ ಸದ್ದು ಕೇಳಿದಂತಾಗಿ ಕನಕರಾಯನಿಗೆ ತಡೆಯಲಾಗಲಿಲ್ಲ. ಕೌದಿಯನ್ನು ಕಿತ್ತು ತೊಡೆಯ ಮೇಲೆ ಹಾಸಿಕೊಂಡು, ಅದರ ಹೊಟ್ಟೆಗೆ ಕೊನೆಯ ಚೂರು ತುರುಕಿ, ತಾನೇ ಹೊಲಿಯತೊಡಗಿದ. ಕುರಿ ಕಾಯುವಾಗ ಕಂಬಳಿಗೆ ತೇಪೆ ಹಾಕಿದ ಕೈ ಅದು. ಹೊಲಿಗೆ ಗಟ್ಟಿಯಾಗಿಯೇ ಬಿತ್ತು. ಕೊನೆಗೆ ಮೂರು ಗಂಟು ಹಾಕಿದ.

ಜೀಪು ಬಾಗಿಲಲ್ಲಿ ನಿಂತಿತು. ಕನಕರಾಯ ಧಡಕ್ಕನೆ ಎದ್ದು, “ನಮಸ್ಕಾರ ಸಾರ್!” ಎಂದ. ಅವನ ಜೊತೆ ಕೌದಿಯೂ ಎದ್ದಿತು. ತೊಡೆಯ ಮೇಲೆ ಇಳಿಬಿದ್ದಿದ್ದ ಅಂಗಿಯ ಅಂಚನ್ನೂ ಸೇರಿಸಿಕೊಂಡು ಅವನು ಹೊಲಿದಿದ್ದ.

ಸಾಹೇಬರು ರಾಯಚೂರಿನವರು, ನಡುವಯಸ್ಸಿನ ಸೌಮ್ಯ ಮನುಷ್ಯ. ಹೊಟ್ಟೆಯಿಂದ ಪಾದದವರೆಗೆ ಕೌದಿ ತೂಗಿಬಿಟ್ಟುಕೊಂಡು ಕೈಮುಗಿದು ನಿಂತ ಗುಮಾಸ್ತನನ್ನು ನೋಡಿ ಅವರ ಮುಖ ಅರಳಿತು.

“ಎತ್ತಿ ಹಿಡಿದು ತೋರಿಸ್ತಿದ್ದೀರಾ? ಬಹಳ ಸಂತೋಷ. ಎಲ್ಲೂ ಇಂಥ ಉತ್ಸಾಹ ನೋಡಲಿಲ್ಲ.”

ಅವರು ಕುರ್ಚಿಯಲ್ಲಿ ಕುಳಿತು ಒಂದೊಂದೇ ಕೌದಿಯನ್ನು ಬಿಡಿಸಿ ನೋಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿದರು. ಕನಕರಾಯನ ಎದೆಯಲ್ಲಿ ಮೆಲ್ಲಗೆ ಬೆಳಕು ಹರಿಯತೊಡಗಿತು. ಧೈರ್ಯ ಮಾಡಿ ಕೇಳಿದ: “ಮಾನವಿಯಲ್ಲಿ ಹೇಗಿದೆ ಸಾರ್?”

ಸಾಹೇಬರು ಹಣೆ ಒತ್ತಿಕೊಂಡರು. ಮಾನವಿಯದು ಉಣ್ಣೆ ಹೆಣೆಯುವ ಕೇಂದ್ರ. ನೆರಳಲ್ಲೂ ಬೆವರು ಹರಿಯುವ ಊರಿನಲ್ಲಿ ಸ್ವೆಟರು ಹೆಣೆಯಲು ಕಲಿಸಲೆಂದು ತೆರೆದದ್ದು. ಕಲಿಸಲು ಬಂದಿದ್ದ ಶಿಕ್ಷಕಿ, ಹೆಣಿಗೆ ಶುರು ಮಾಡುವುದನ್ನು ತೋರಿಸಿ, ಮುಗಿಸುವುದನ್ನು ತೋರಿಸುವ ಮೊದಲೇ ವರ್ಗವಾಗಿ ಹೋಗಿದ್ದಳು. ಆವತ್ತು ಶುರುವಾದ ಒಂದು ತೋಳು ಇವತ್ತಿನವರೆಗೂ ಬೆಳೆಯುತ್ತಲೇ ಇತ್ತು.

“ತೋಳು ಬಾಗಿಲಿಂದ ಹೊರಗೆ ಬಂದಿದೆ,” ಎಂದರು ಸಾಹೇಬರು. “ಅಲ್ಲಿನ ಗುಮಾಸ್ತ ರಾಮಣ್ಣ ಹೊರಗಿನಿಂದ ಸುತ್ತಿ ಸುತ್ತಿ ಒಳಗಿಡುತ್ತಾನೆ.”

ಕನಕರಾಯನಿಗೆ ರಾಮಣ್ಣನ ಮೇಲೆ ನಿಜವಾಗಿಯೂ ಮರುಕ ಹುಟ್ಟಿತು. ಪಾಪ, ಮಕ್ಕಳೊಂದಿಗ.

“ಇಲ್ಲಿ ಹಾಗಲ್ಲ. ಅಚ್ಚುಕಟ್ಟಾಗಿ ಮುಗಿಸಿದ್ದೀರಿ.” ಸಾಹೇಬರು ಚೀಲದಿಂದ ಒಂದು ಕಾಗದ ತೆಗೆದರು. “ಹೊಸ ಆದೇಶ ಬಂದಿದೆ. ಓದ್ತೀನಿ ಕೇಳಿ. ಕೆಲಸ ಪ್ರಗತಿಯಲ್ಲಿರುವ ಕೇಂದ್ರಗಳನ್ನು ಇನ್ನೂ ಒಂದು ವರ್ಷ ಮುಂದುವರಿಸತಕ್ಕದ್ದು, ಅಲ್ಲಿನ ಹಂಗಾಮಿ ಗುಮಾಸ್ತರನ್ನು ಕಾಯಂ ಮಾಡತಕ್ಕದ್ದು. ಕೆಲಸ ಮುಗಿದ ಕೇಂದ್ರಗಳನ್ನು ಈ ತಿಂಗಳ ಕೊನೆಗೆ ಮುಚ್ಚತಕ್ಕದ್ದು.”

ಫ್ಯಾನು ಕರಕರ ಎಂದಿತು.

“ಸಾರ್...” ಎಂದ ಕನಕರಾಯ. “ಮಾನವಿ ರಾಮಣ್ಣ?”

“ಕಾಯಂ. ಇವತ್ತೇ ಕಾಗದ ಕೊಟ್ಟು ಬಂದೆ. ಎರಡನೇ ತೋಳು ಇನ್ನೂ ಬಾಕಿ ಇದೆಯಲ್ಲ.”

ಬೆಳಗಿನಿಂದ ಹೆದರಿದ್ದ ಕನಕರಾಯನಿಗೆ ಆ ಗಳಿಗೆಯಲ್ಲಿ, ಹುಟ್ಟಿದಾಗಿನಿಂದ ಇಲ್ಲದ ಜಾಣತನ ಬಂತು. ಹೊಟ್ಟೆಗೆ ಅಂಟಿದ ಕೌದಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದ.

“ಸಾರ್, ಮುಗಿದಿಲ್ಲ! ಇದೊಂದು ಮುಗಿದಿಲ್ಲ! ನೋಡಿ, ನನ್ನ ಅಂಗಿಗೆ ಹೊಲಿದಿದೆ. ಇದನ್ನು ಬಿಡಿಸಬೇಕು, ಮತ್ತೆ ಹೊಲಿಯಬೇಕು. ಒಂದು ವರ್ಷವಾದರೂ ಬೇಕು ಸಾರ್!”

ಸಾಹೇಬರು ಬಗ್ಗಿ ನೋಡಿದರು. ಪೆನ್ನು ಕಾಗದದ ಮೇಲೆ ತಡವರಿಸಿತು. “ಹೌದಲ್ಲ,” ಎಂದರು. “ಹಾಗಾದರೆ ಇದನ್ನು ಪ್ರಗತಿಯಲ್ಲಿದೆ ಅಂತ...”

ಕಿಟಕಿಯ ಬಳಿ ಇದ್ದ ರಜಿಯಾ ಬೇಗಂಗೆ ಕಿವಿ ಸ್ವಲ್ಪ ಮಂದ. ಆದೇಶ ಕೇಳಿಸಿರಲಿಲ್ಲ. ಕಂಡದ್ದು ಇಷ್ಟೇ: ಸಾಹೇಬರ ಮುಂದೆ ಬಡಪಾಯಿ ಗುಮಾಸ್ತ ಕೌದಿಗೆ ಸಿಕ್ಕಿ ಒದ್ದಾಡುತ್ತಿದ್ದಾನೆ. ಅವಳು ಕತ್ತರಿ ಹಿಡಿದು ಎದ್ದಳು.

“ಅಯ್ಯೋ, ಇಷ್ಟಕ್ಕ ಯಾಕ ಅಳ್ತೀರಿ ಸಾಹೇಬ್ರ? ನಾ ಇಲ್ಲೇನು?”

“ಬ್ಯಾಡ! ಬ್ಯಾಡ ರಜಿಯಾಬೀ!”

“ಹೆದರಬ್ಯಾಡ್ರಿ, ಮೈಗೆ ತಾಕಂಗಿಲ್ಲ.” ಮೂರು ಗಂಟು ಬಿಚ್ಚುವ ಗೋಜಿಗೆ ಹೋಗದೆ ಅವಳು ಅಂಗಿಯ ಅಂಚನ್ನೇ ಕಚಕ್ಕನೆ ಕತ್ತರಿಸಿ, ಕೌದಿಯನ್ನು ಝಾಡಿಸಿ ಮಡಚಿ ಸಾಹೇಬರ ಮುಂದಿಟ್ಟಳು. “ತಗೋರಿ. ಹನ್ನೆರಡೂ ಮುಗದವು.”

ಅಂಗಿಯ ಆ ಚೂರು ಕೌದಿಯ ಹೊಟ್ಟೆಯ ಕೆಳಗೆ ಹೊಸದೊಂದು ಹೂವಿನ ಹಾಗೆ ಕೂತಿತ್ತು. ಸಾಹೇಬರು ಅದನ್ನು ನೋಡಿ ಮೆಚ್ಚಿದರು. ‘ಮುಗಿದಿದೆ’ ಎಂದು ಬರೆದು ಸಹಿ ಮಾಡಿದರು. ಕನಕರಾಯನ ಕೈ ಕುಲುಕಿ, ಇಂಥ ಪ್ರಾಮಾಣಿಕ ವರದಿ ಬರೆಯುವವರು ಅಪರೂಪ ಎಂದರು. ಹನ್ನೆರಡು ಕೌದಿಗಳನ್ನೂ ಏರಿಸಿಕೊಂಡು ಜೀಪು ಧೂಳೆಬ್ಬಿಸಿ ಹೋಯಿತು.

ಕನಕರಾಯ ಅಂಚು ಹರಿದ ಅಂಗಿಯಲ್ಲಿ ಹೊಸ್ತಿಲ ಮೇಲೆ ಕುಳಿತ. ಭೀಮವ್ವ ಬಂದು ಪಕ್ಕದಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದಳು.

“ಯವ್ವಾ,” ಎಂದ ಅವನು, “ನಿನಗ ಮೊದಲ ಗೊತ್ತಿತ್ತೇನ?”

“ಕಾಗದದಾಗ ಏನ್ ಬರದಾರ ಅಂತ ನನಗೇನ್ ಗೊತ್ತು? ಮಸರಕಲ್ ರೋಡ್ ಕೆಲಸ ಗೊತ್ತದ. ನಾವು ಕಟ್ಟಕಡೀ ಬುಟ್ಟಿ ಮಣ್ಣು ಚೆಲ್ಲಿದ್ವಿ, ಮರದಿನ ಎಲ್ಲಾರನ್ನೂ ಮನಿಗಿ ಕಳಿಸಿದ್ರು. ಆವತ್ತ ಆಣಿ ಮಾಡೀನಿ, ಸರಕಾರದ ಕೆಲಸದಾಗ ಕಡೀ ಬುಟ್ಟಿ ನಾ ಚೆಲ್ಲಂಗಿಲ್ಲ ಅಂತ.”

“ಅಂದ್ರ, ಮಾಲಕ ಉಣಸಬೇಕು ಅನ್ನೂ ಪದ್ಧತಿ?”

“ಉಣಸೂದು ಖರೇನ ಅದ. ಮನ್ಯಾಗ ನಾವ ಒಂದು ರೊಟ್ಟಿ ಚೂರು ಇಟ್ಟು ಹೊಲದು ಬಿಡ್ತೀವಿ. ನಿನ್ನ ಮಾಲಕ ಯಾರು ಅಂತ ಯಾವ ಕೌದೀನೂ ಕೇಳಿಲ್ಲ.” ಅವಳು ಎಲೆಯನ್ನು ಬಾಯಿಗೆ ಹಾಕಿಕೊಂಡಳು. “ನಮಗೂ ಒಂದು ನೆರಳಿತ್ತು, ನಿನಗೂ ಒಂದು ಕುರ್ಚಿ ಇತ್ತು. ಹಂಗ ನಡೀಲಿ ಅಂತ ಬಿಟ್ಟಿದ್ದೆ.”

“ಇದನ್ನ ನನಗ ಮೊದಲ ಯಾಕ ಹೇಳಲಿಲ್ಲ?”

ಭೀಮವ್ವ ಅವನನ್ನು ಕರುಣೆಯಿಂದ ನೋಡಿದಳು.

“ಹೇಳಿದ್ರ ನೀ ವರದ್ಯಾಗ ಬರೀತಿದ್ದೆಲ್ಲೋ ತಮ್ಮಾ.”

ಬರೆಯುತ್ತಿದ್ದ, ಸಂಶಯವಿಲ್ಲ.

ಐದಕ್ಕೆ ಬೀಗ ಹಾಕಿಕೊಂಡು ಅವನು ಮನೆಯ ದಾರಿ ಹಿಡಿದ. ಚಹಾದಂಗಡಿಯ ಮುಂದೆ ಹಂಪಣ್ಣ ಹಲ್ಲು ಕಿರಿದು ನಿಂತಿದ್ದ. ಒಳಗಿನ ಬೆಂಚಿನ ಮೇಲೆ, ಹೆಗಲಿನ ಕಂಬಳಿಗಳನ್ನು ಪಕ್ಕಕ್ಕಿಟ್ಟು, ಮಾವ ಪರಮಣ್ಣ ಚಹಾ ಕುಡಿಯುತ್ತಿದ್ದ. ಸಂತೆಗೆಂದು ಈ ಕಡೆ ಬಂದವನಿಗೆ ಬಸ್ ಸ್ಟ್ಯಾಂಡಿನಲ್ಲೇ ಸುದ್ದಿ ಸಿಕ್ಕಿತ್ತು.

“ಅಳಿಯಂದ್ರ!” ಪರಮಣ್ಣ ಕಣ್ಣೊರೆಸಿಕೊಂಡು ಎದ್ದ. “ನನ್ನ ಮಾತು ಸುಳ್ಳು ಮಾಡಿದ್ರಿ. ಕಾಯಂ ಆದ್ರಂತಲ್ಲ! ಇನ್ನ ನಿಮಗ ಕಂಬಳಿ ಹೊತ್ಗೋ ಅನ್ನಂಗಿಲ್ಲ. ನನ್ನ ವ್ಯಾಪಾರ ಸಣ್ಣ ಮಗಗ ಬಿಟ್ಟುಕೊಟ್ಟೆ ಅಂತ ಈಗ ಬಸ್ ಸ್ಟ್ಯಾಂಡಿನಿಂದನ ಅವಗ ಹೇಳಿ ಕಳಿಸೀನಿ.”

ಕನಕರಾಯ ಅಂಗಿಯ ಹರಿದ ಅಂಚನ್ನು ಮೆಲ್ಲಗೆ ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡ. ಅದರ ಕತ್ತರಿಸಿದ ಚೂರು ಆ ಹೊತ್ತಿಗೆ ಜೀಪಿನಲ್ಲಿ ರಾಯಚೂರಿನ ಕಡೆ ಹೋಗುತ್ತಿತ್ತು. ದೇವದುರ್ಗದ ಕೇಂದ್ರದಿಂದ ಸರ್ಕಾರದಲ್ಲಿ ಕಾಯಂ ಆದದ್ದು ಅದೊಂದೇ.